ಪ್ಯಾಕೇಜ್ ಮ್ಯಾನೇಜರ್ ಮತ್ತು ಬಳಕೆದಾರರು ಬಯಸಿದ ಡೈರೆಕ್ಟರಿ

ಕೆಲವು ತಿಂಗಳುಗಳಿಂದ ನಾನು ಒಂದು ಸಣ್ಣ ಪ್ಯಾಕೇಜ್ ಮ್ಯಾನೇಜರ್, ಅಂದರೆ ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡಿ ನಿರ್ವಹಿಸುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಹಲವರು ಹಂಚಿಕೊಂಡು ಬಳಸುವ ಸರ್ವರ್‌ನಲ್ಲಿ ರೂಟ್ (ಯಂತ್ರದ ನಿರ್ವಾಹಕರ) ಅಧಿಕಾರವಿಲ್ಲದವರೂ ತಮಗೆ ಬೇಕಾದ ಡೈರೆಕ್ಟರಿಯಲ್ಲಿ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಿಕೊಳ್ಳುವಂತಿರಬೇಕು ಎಂಬುದು ಅದರ ಮೊದಲ ಉದ್ದೇಶ. ಪ್ಯಾಕೇಜಿನಲ್ಲಿರುವ ಪ್ರತಿಯೊಂದು ಕಡತದ ಪಾತ್‌ಗೆ (ಕಡತ ಇರುವ ಜಾಗದ ವಿಳಾಸಕ್ಕೆ) ಬಳಕೆದಾರರು ಸೂಚಿಸಿದ ಡೈರೆಕ್ಟರಿಯ ಹೆಸರನ್ನು ಮುಂದೆ ಜೋಡಿಸಿದರೆ ಕೆಲಸ ಮುಗಿಯುತ್ತದೆ ಎಂದು ಆರಂಭದಲ್ಲಿ ಭಾವಿಸಿದ್ದೆ.

ಮೊದಲ ಪರೀಕ್ಷೆಯಲ್ಲಿಯೇ ಒಂದು ಪೈಥಾನ್ ಸ್ಕ್ರಿಪ್ಟ್ ‘ಅಂಥ ಕಡತ ಇಲ್ಲ’ ಎಂಬ ಸಂದೇಶ ಕೊಟ್ಟು ನಿಂತಿತು. ಡೈರೆಕ್ಟರಿಯನ್ನು ತೆರೆದು ನೋಡಿದರೆ ಕಡತ ಅಲ್ಲಿಯೇ ಇತ್ತು, ಅದನ್ನು ಓಡಿಸುವ ಅನುಮತಿಯೂ ಇತ್ತು. ಇಲ್ಲದಿದ್ದದ್ದು ಸ್ಕ್ರಿಪ್ಟ್ ಅಲ್ಲ, ಅದರ ಮೊದಲ ಸಾಲಿನಲ್ಲಿ ‘#!’ ಚಿಹ್ನೆಯ ನಂತರ ಬರೆದಿದ್ದ ಪೈಥಾನ್. ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕೆಂದು ಹೇಳುವ ಆ ಸಾಲಿನಲ್ಲಿ ಪ್ಯಾಕೇಜನ್ನು ಕಟ್ಟಿದ ಯಂತ್ರದ ಪಾತ್ ಹಾಗೆಯೇ ಉಳಿದುಕೊಂಡಿತ್ತು. ಕಡತ ಎಲ್ಲಿದೆ ಎಂಬುದು ಒಂದು ವಿಷಯ, ತಾನು ಎಲ್ಲಿದ್ದೇನೆಂದು ಆ ಕಡತ ನಂಬಿಕೊಂಡಿದೆ ಎಂಬುದು ಇನ್ನೊಂದು ವಿಷಯ ಎಂದು ನನಗೆ ಸ್ಪಷ್ಟವಾದದ್ದು ಆಗಲೇ.

‘ಬೇರೆ ಡೈರೆಕ್ಟರಿ’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಬೇಡಿಕೆಗಳು ಅಡಗಿವೆ. ಪ್ಯಾಕೇಜ್ ಕಟ್ಟುವಾಗ ಕಡತಗಳನ್ನು ತಾತ್ಕಾಲಿಕವಾಗಿ ಒಂದೆಡೆ ಕೂಡಿಹಾಕುವುದು ಮೊದಲನೆಯದು. ಪ್ರೋಗ್ರಾಂ ಕಟ್ಟುವ ಸೂಚನೆಗಳಿರುವ ಮೇಕ್ ಕಡತಗಳಲ್ಲಿ ‘ಡೆಸ್ಟ್‌ಡಿರ್’ ಎಂಬ ಚರಾಕ್ಷರ ಇರುವುದು ಇದಕ್ಕಾಗಿಯೇ. ಮುಂದೆ ಮತ್ತೊಂದು ಯಂತ್ರದ ಅಥವಾ ಕಂಟೇನರ್‌ನ ರೂಟ್ (ಎಲ್ಲಕ್ಕಿಂತ ಮೇಲಿನ ಡೈರೆಕ್ಟರಿ) ಆಗಲಿರುವ ಡೈರೆಕ್ಟರಿಯೊಳಗೆ ಇನ್‌ಸ್ಟಾಲ್ ಮಾಡುವುದು ಎರಡನೆಯದು. ಪ್ರೋಗ್ರಾಂ ಓಡುವಾಗಲೂ ಅದೇ ಪಾತ್‌ನಲ್ಲಿ ಉಳಿಯುವಂತೆ ಇನ್‌ಸ್ಟಾಲ್ ಮಾಡುವುದು, ಅಂದರೆ ಪ್ರಿಫಿಕ್ಸ್, ಮೂರನೆಯದು. ಮೊದಲ ಎರಡರಲ್ಲಿ ಕಡತದ ಒಳಗಿನ ಪಾತ್‌ಗಳನ್ನು ಮುಟ್ಟಲೇಬಾರದು, ಮೂರನೆಯದರಲ್ಲಿ ಅವುಗಳನ್ನು ಸರಿಪಡಿಸಲೇಬೇಕು. ಈ ಮೂರಕ್ಕೂ ಒಂದೇ ಆಯ್ಕೆಯನ್ನು ಕೊಡುವ ವಿನ್ಯಾಸ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಆರ್‌ಪಿಎಂ ಎಂಬ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ರೂಟ್ ಮತ್ತು ಪ್ರಿಫಿಕ್ಸ್ ಬೇರೆ ಬೇರೆ ಆಯ್ಕೆಗಳಾಗಿವೆ. ಆದರೆ ಅದರ ‘ರಿಲೊಕೇಟ್’ ಕಡತಗಳ ಸ್ಥಾನವನ್ನು ಬದಲಿಸುತ್ತದೆಯೇ ಹೊರತು ಅವುಗಳ ಒಳಗೆ ಬರೆದಿರುವುದನ್ನು ತಿದ್ದುವುದಿಲ್ಲ. ಡೆಬಿಯನ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಡಿಪಿಕೆಜಿಯಲ್ಲಿ ‘ಇನ್‌ಸ್ಟ್‌ಡಿರ್’ ಕೊಟ್ಟರೆ ಪ್ಯಾಕೇಜಿನ ಸ್ಕ್ರಿಪ್ಟುಗಳು ಆ ಡೈರೆಕ್ಟರಿಯೊಳಗೆ ಕ್ರೂಟ್ ಆಗಿ, ಅಂದರೆ ಅದನ್ನೇ ರೂಟ್ ಡೈರೆಕ್ಟರಿಯೆಂದು ಕಾಣುತ್ತಾ, ಓಡುತ್ತವೆ. ಅದು ಎರಡನೆಯ ಬೇಡಿಕೆಗೆ ಉತ್ತರ, ಮೂರನೆಯದಕ್ಕಲ್ಲ.

ಒಳಗೆ ಹುದುಗಿದ ಪಾತ್‌ಗಳ ಸಮಸ್ಯೆಯನ್ನು ಇದುವರೆಗೆ ಬೇರೆ ಬೇರೆ ರೀತಿಯಲ್ಲಿ ಎದುರಿಸಲಾಗಿದೆ. ನಿಕ್ಸ್ ಎಂಬ ಪ್ಯಾಕೇಜ್ ಮ್ಯಾನೇಜರ್ ಎಲ್ಲವನ್ನೂ ‘/ನಿಕ್ಸ್/ಸ್ಟೋರ್’ ಎಂಬ ಒಂದೇ ಜಾಗದಲ್ಲಿಡುತ್ತದೆ. ಸ್ಟೋರ್‌ನ ಪಾತ್ ಬದಲಾದರೆ ಮೊದಲೇ ಕಟ್ಟಿಟ್ಟ ಬೈನರಿಗಳು (ಓಡಿಸಲು ಸಿದ್ಧವಾದ ಕಡತಗಳು) ಉಪಯೋಗಕ್ಕೆ ಬಾರದೆ ಎಲ್ಲವನ್ನೂ ಮೂಲದಿಂದ ಕಟ್ಟಬೇಕಾಗುತ್ತದೆ. ಕೊಂಡಾ ಎಂಬ ಇನ್ನೊಂದು ಪ್ಯಾಕೇಜ್ ಮ್ಯಾನೇಜರ್ ಬೇರೆ ದಾರಿ ಹಿಡಿಯಿತು. ಪ್ಯಾಕೇಜನ್ನು ಕಟ್ಟುವಾಗ 255 ಅಕ್ಷರಗಳಷ್ಟು ಉದ್ದದ ಪ್ರಿಫಿಕ್ಸ್ ಬಳಸಿ, ಇನ್‌ಸ್ಟಾಲ್ ಮಾಡುವಾಗ ಆ ಜಾಗದಲ್ಲಿ ನಿಜವಾದ ಪಾತ್ ಬರೆದು, ಉಳಿದ ಬೈಟುಗಳಿಗೆ ಶೂನ್ಯ ತುಂಬುತ್ತದೆ. ಇದರಿಂದ ಬೈನರಿಯ ಗಾತ್ರವಾಗಲಿ ಅದರೊಳಗಿನ ಉಳಿದ ಭಾಗಗಳ ಸ್ಥಾನವಾಗಲಿ ಬದಲಾಗುವುದಿಲ್ಲ.

ಈ ಎರಡನೆಯ ವಿಧಾನವನ್ನು ನಾನೂ ಅಳವಡಿಸಿ ನೋಡಿದೆ. ಸಿ ಭಾಷೆಯ ಪ್ರೋಗ್ರಾಂಗಳು ಶೂನ್ಯ ಬೈಟ್ ಸಿಕ್ಕಲ್ಲಿ ಓದುವುದನ್ನು ನಿಲ್ಲಿಸುವುದರಿಂದ ಅವು ಸರಿಯಾಗಿಯೇ ನಡೆದವು. ಆದರೆ ಒಂದು ಸಿ++ ಪ್ರೋಗ್ರಾಂ ತನ್ನ ಪ್ಲಗಿನ್ ಕಡತವನ್ನು ಓದಲಾಗದೆ ಸೋತಿತು. ಕಂಪೈಲರ್ ಆ ಡೈರೆಕ್ಟರಿಯ ಪಾತ್ ಎಷ್ಟು ಉದ್ದ ಎಂಬುದನ್ನು ಮೊದಲೇ ಎಣಿಸಿ ಬೈನರಿಯೊಳಗೆ ಬರೆದಿಟ್ಟಿತ್ತು. ಹೀಗಾಗಿ ತುಂಬಿದ ಶೂನ್ಯಗಳೂ ಆ ಪಾತ್‌ನ ಭಾಗವಾದವು, ಪ್ಲಗಿನ್ನಿನ ಹೆಸರು ಅವುಗಳ ಆಚೆ ಹೋಗಿ ಅಂಟಿಕೊಂಡಿತು, ಮತ್ತು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಮೊದಲ ಶೂನ್ಯದಲ್ಲಿಯೇ ನಿಂತು ಕಡತದ ಬದಲು ಡೈರೆಕ್ಟರಿಯನ್ನೇ ತೆರೆಯಿತು. ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕೋರಿಕೆಗಳ, ಅಂದರೆ ಸಿಸ್ಟಮ್ ಕಾಲ್‌ಗಳ, ದಾಖಲೆಯನ್ನು ಸಾಲು ಸಾಲಾಗಿ ಓದಿದ ಮೇಲಷ್ಟೇ ಇದು ಕಣ್ಣಿಗೆ ಬಿತ್ತು.

ಆದ್ದರಿಂದ ಸಾಧ್ಯವಿರುವಲ್ಲೆಲ್ಲ ಸಾಪೇಕ್ಷ ಪಾತ್ (ಕಡತ ತಾನಿರುವ ಜಾಗದಿಂದ ಲೆಕ್ಕ ಹಾಕುವ ಪಾತ್), ಉಳಿದ ಕಡೆ ಮಾತ್ರ ತಿದ್ದುವಿಕೆ ಎಂಬ ನಿಯಮಕ್ಕೆ ಬಂದಿದ್ದೇನೆ. ಲಿನಕ್ಸ್‌ನಲ್ಲಿ ಲೈಬ್ರರಿಗಳನ್ನು ಹುಡುಕಲು ‘$ಒರಿಜಿನ್’ ಬಳಸಿದರೆ, ಬೈನರಿ ಇರುವ ಜಾಗದಿಂದಲೇ ಹುಡುಕಾಟ ಆರಂಭವಾಗುತ್ತದೆ. ಇದಕ್ಕೂ ಮಿತಿಯಿದೆ: ಪ್ರೋಗ್ರಾಂ ಆರಂಭವಾಗುವಾಗ ಲೈಬ್ರರಿಗಳನ್ನು ಜೋಡಿಸುವ ಡೈನಮಿಕ್ ಲೋಡರ್‌ನ ಪಾತ್‌ಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಸ್ಕ್ರಿಪ್ಟುಗಳ ಮೊದಲ ಸಾಲಿಗೂ ಇದು ಇಲ್ಲ, ಅಲ್ಲದೆ 5.1ಕ್ಕಿಂತ ಹಿಂದಿನ ಲಿನಕ್ಸ್ ಕರ್ನಲ್‌ಗಳು ಆ ಸಾಲಿನ ಸುಮಾರು 127 ಅಕ್ಷರಗಳನ್ನಷ್ಟೇ ಓದುತ್ತವೆ. ಹಾಗಾಗಿ ಸ್ಕ್ರಿಪ್ಟುಗಳನ್ನು ‘/ಬಿನ್/ಎಸ್‌ಎಚ್’ ಮೂಲಕ ಆರಂಭಿಸಿ, ತಾನಿರುವ ಡೈರೆಕ್ಟರಿಯನ್ನು ಸ್ಕ್ರಿಪ್ಟೇ ಕಂಡುಕೊಂಡು ಪಕ್ಕದ ಪೈಥಾನ್‌ಗೆ ಕೆಲಸ ಒಪ್ಪಿಸುವಂತೆ ಮಾಡಿದ್ದೇನೆ.

ಪ್ಯಾಕೇಜುಗಳ ದಾಖಲೆ ಪ್ರತಿ ಪ್ರಿಫಿಕ್ಸ್‌ನ ಒಳಗೇ ಇರಬೇಕು, ಅದರಲ್ಲಿನ ಪಾತ್‌ಗಳೂ ಸಾಪೇಕ್ಷವಾಗಿರಬೇಕು. ತಾತ್ಕಾಲಿಕ ಕಡತಗಳಿಗೂ ಪ್ರಿಫಿಕ್ಸ್‌ನ ಒಳಗೇ ಜಾಗ ಮಾಡಬೇಕು, ಏಕೆಂದರೆ ಒಂದು ಕಡತ ವ್ಯವಸ್ಥೆಯಿಂದ ಇನ್ನೊಂದಕ್ಕೆ ಮರುಹೆಸರಿಸುವ ಸಿಸ್ಟಮ್ ಕಾಲ್ ನಡೆಯುವುದಿಲ್ಲ. ಪ್ರತಿ ಮಾಡಿ ಅಳಿಸುವ ದಾರಿ ಹಿಡಿದರೆ ನಡುವೆ ವಿದ್ಯುತ್ ಹೋದಾಗ ಅರ್ಧ ಇನ್‌ಸ್ಟಾಲ್ ಆದ ಪ್ಯಾಕೇಜ್ ಉಳಿದುಬಿಡುತ್ತದೆ. ಪ್ರಿಫಿಕ್ಸ್ ಒಂದು ಸಿಮ್‌ಲಿಂಕ್ (ಬೇರೊಂದು ಜಾಗವನ್ನು ತೋರಿಸುವ ಲಿಂಕ್) ಆಗಿದ್ದರೆ ಏನು ಮಾಡಬೇಕೆಂದು ಬಹಳ ಯೋಚಿಸಿದೆ. ಎರಡು ಪ್ರಿಫಿಕ್ಸ್‌ಗಳು ಒಂದೇ ಹೌದೋ ಅಲ್ಲವೋ ಎಂದು ಹೋಲಿಸುವಾಗ ಲಿಂಕಿನ ಆಚೆಯ ನಿಜವಾದ ಪಾತ್ ನೋಡಬೇಕು, ಆದರೆ ಕಡತಗಳೊಳಗೆ ಬರೆಯುವಾಗ ಬಳಕೆದಾರರು ಕೊಟ್ಟ ಪಾತ್‌ನ್ನೇ ಬರೆಯಬೇಕು. ನಾಳೆ ನಿರ್ವಾಹಕರು ಡಿಸ್ಕ್ ಬದಲಿಸಿ ಲಿಂಕನ್ನು ಹೊಸ ಜಾಗಕ್ಕೆ ತಿರುಗಿಸಿದರೂ ಎಲ್ಲವೂ ನಡೆಯಬೇಕೆಂದರೆ ಇದೊಂದೇ ದಾರಿ.

ಪ್ರತಿಯೊಂದು ಪ್ಯಾಕೇಜನ್ನೂ ಈಗ ಎರಡು ಬಾರಿ ಪರೀಕ್ಷಿಸುತ್ತಿದ್ದೇನೆ: ಒಮ್ಮೆ ತೀರ ಗಿಡ್ಡ ಪ್ರಿಫಿಕ್ಸ್‌ನಲ್ಲಿ, ಇನ್ನೊಮ್ಮೆ ಹೆಸರಿನ ನಡುವೆ ಖಾಲಿ ಜಾಗವಿರುವ ಉದ್ದನೆಯ ಪ್ರಿಫಿಕ್ಸ್‌ನಲ್ಲಿ. ಆಮೇಲೆ ಕಟ್ಟುವ ಯಂತ್ರದ ಪಾತ್ ಎಲ್ಲಿಯಾದರೂ ಉಳಿದಿದೆಯೇ ಎಂದು ಎಲ್ಲ ಕಡತಗಳಲ್ಲಿಯೂ ಹುಡುಕುತ್ತೇನೆ. ಉಳಿದಿದ್ದರೆ ಆ ಪ್ಯಾಕೇಜ್ ಪ್ರಕಟವಾಗುವುದಿಲ್ಲ.