ನೀ ತಗೀತಿದ್ದಿ, ನಾ ಹಾಕ್ತಿದ್ನಿ

ಎಂಟು ರಾತ್ರಿ. ಒಂದು ರಾತ್ರಿಯೂ ಎರಡು ತಾಸು ದಾಟಿಲ್ಲ.

ಡಾಕ್ಟರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ಪೆನ್ನಿನ ತುದಿಯಿಂದ ಆ ಮೋಟು ಪಟ್ಟಿಗಳನ್ನು ತೋರಿಸಿದರು. "ಏನಾತು ಟೀಚರ್? ಮೂರು ತಿಂಗಳು ಎಷ್ಟು ಛಲೋ ಹಾಕ್ಕೊಂಡೀರಿ. ಸರಾಸರಿ ಆರು ತಾಸು ಬಂದೈತಿ. ಸಂಕ್ರಮಣ ಬಂತು, ಎಲ್ಲಾ ಬಿಟ್ಟುಬಿಟ್ರಿ?"

ನಾನು ಬಿಟ್ಟಿರಲಿಲ್ಲ. ಆ ಎಂಟೂ ರಾತ್ರಿ, ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಗಾಳಿ ಕೊಡುವ ಸಿಪ್ಯಾಪ್ ಮಷಿನ್ನಿನ ಮಾಸ್ಕ್ ಹಾಕಿಕೊಂಡೇ ಮಲಗಿದ್ದೆ. ಎಷ್ಟು ತಾಸು ಹಾಕಿಕೊಂಡೆ ಅಂತ ಆ ಮಷಿನ್ನೇ ಬರೆದಿಡುತ್ತದೆ. ಬೆಳಿಗ್ಗೆ ಎದ್ದಾಗ ಮಾತ್ರ ಅದು ಮುಖದ ಮೇಲೆ ಇರುತ್ತಿರಲಿಲ್ಲ. ಒಂದಿನ ದಿಂಬಿನ ಕೆಳಗೆ, ಒಂದಿನ ಮಂಚದ ಕೆಳಗೆ ಚಪ್ಪಲಿ ಪಕ್ಕ. ಒಂದಿನವಂತೂ ಸ್ಟೂಲಿನ ಮೇಲೆ, ನೀರಿನ ತಂಬಿಗೆ ಹತ್ತಿರ, ಪಟ್ಟಿ ಮಡಚಿ ಇಟ್ಟ ಹಾಗೆ ಇತ್ತು. ಯಾರೋ ಕನ್ನಡಕ ತೆಗೆದಿಟ್ಟ ಹಾಗೆ. ಅದನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆ ಆಯಿತು. ಕಿತ್ತು ಬಿಸಾಡಿದ್ದರೆ ನಿದ್ದೆಗಣ್ಣಲ್ಲಿ ಆಯಿತು ಅನ್ನಬಹುದು. ಹೀಗೆ ಕ್ಲಿಪ್ ಬಿಚ್ಚಿ, ಮಡಚಿ, ಜಾಗ ನೋಡಿ ಇಟ್ಟಿದ್ದೇನೆ ಅಂದರೆ ಆ ಹೊತ್ತಿನಲ್ಲಿ ನನ್ನ ಕೈ ನಡೆಸಿದ್ದು ಯಾರು?

ಡಾಕ್ಟರು ಹಿಂದಿನ ತಿಂಗಳಿನ ಲೆಕ್ಕ ತೆಗೆದರು. ಒಂದೊಂದೇ ರಾತ್ರಿಯನ್ನು ದೊಡ್ಡದು ಮಾಡಿ ನೋಡುತ್ತ ಹುಬ್ಬು ಗಂಟಿಕ್ಕಿದರು.

"ಇಲ್ಲೂ ತಗದೀರಿ ನೋಡ್ರಿ. ಎರಡೂ ಐವತ್ತಕ್ಕ. ಆದ್ರ ಹತ್ತು ನಿಮಿಷದಾಗ ಮತ್ತ ಹಾಕ್ಕೊಂಡೀರಿ. ಮುಂದ ನಾಕೂ ಇಪ್ಪತ್ತಕ್ಕ ತಗದೀರಿ, ಮತ್ತ ಹಾಕ್ಕೊಂಡೀರಿ. ದಿನಾ ಹಿಂಗ ಐತಿ."

"ನಾ ಹಾಕ್ಕೊಂಡಿಲ್ರಿ ಡಾಕ್ಟರ್. ನನಗ ಎಚ್ಚರನ ಆಗೂದಿಲ್ಲ."

"ಮತ್ತ ಯಾರು ಹಾಕ್ತಾರ?" ಅಂದರು. ಹೊರಗೆ ಜನ ಕಾಯುತ್ತಿದ್ದರು. ಮಾತು ಅಲ್ಲಿಗೇ ನಿಂತಿತು.

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ಒಂದೂವರೆ ತಾಸು. ನಲವಡಿ ದಾಟಿತು. ಎರಡೂ ಕಡೆ ಕಪ್ಪು ಎರೆ ಹೊಲ, ಕಡಲೆ ಗಿಡ. ಮೊದಲಾದರೆ ಈ ದಾರಿಯಲ್ಲಿ ಬಸ್ಸು ಹತ್ತಿದ ಐದು ನಿಮಿಷಕ್ಕೆ ನನ್ನ ತಲೆ ಕಿಟಕಿಗೆ ಬಡಿಯುತ್ತಿತ್ತು. ಅವತ್ತು ನಿದ್ದೆ ಹತ್ತಿರ ಬರಲಿಲ್ಲ. ಅಣ್ಣಿಗೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಮುದುಕಿ ಕೋಲು ಊರಿಕೊಂಡು ಹತ್ತಿದಳು. ಕಂಡಕ್ಟರ್ ರಟ್ಟೆ ಹಿಡಿದು ಕೂರಿಸಿದ. ಆಗ ತಲೆಯಲ್ಲಿ ಮಿಂಚು ಹೊಡೆದ ಹಾಗಾಯಿತು. ಆ ಎಂಟು ರಾತ್ರಿ ನನ್ನ ಕೋಣೆಯಲ್ಲಿ ಯಾರು ಇರಲಿಲ್ಲ?

ಅಲ್ಲೇ ರಾಣೆಬೆನ್ನೂರಿಗೆ ಫೋನ್ ಹಚ್ಚಿದೆ. ಸಂಕ್ರಮಣಕ್ಕೆ ಅತ್ತೆ ಅಲ್ಲಿ ಮಗಳ ಮನೆಗೆ ಹೋಗಿದ್ದರು. ನಾದಿನಿ ಎತ್ತಿ ಅವರ ಕೈಗೆ ಕೊಟ್ಟಳು.

"ಅತ್ತೀ, ರಾತ್ರಿ ನನ್ನ ಮಾಸ್ಕ್ ನೀವೇನರ ಹಾಕ್ತಿದ್ರೇನ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಟಿವಿ ಸದ್ದು.

"ಹೂಂ. ನೀ ತಗೀತಿದ್ದಿ, ನಾ ಹಾಕ್ತಿದ್ನಿ. ಅದರಾಗ ಹೇಳೂದೇನೈತಿ?"

ಅಷ್ಟೇ. ಆಮೇಲೆ ಊಟ ಆಯಿತಾ ಅಂತ ಕೇಳಿದರು. ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಹುಲಕೋಟಿ ಬರುವ ತನಕ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದೆ.

ನಮ್ಮ ಅತ್ತೆಗೆ 78. ಹೋದ ಶ್ರಾವಣದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಆಪರೇಷನ್ ಆದ ಮೇಲೆ ರಾತ್ರಿ ಒಬ್ಬರೇ ಏಳಬಾರದು ಅಂದರು. ಅದಕ್ಕೇ ನಾನು ಅವರ ಕೋಣೆಗೆ ಬಂದೆ. ಎರಡು ಮಂಚ, ನಡುವೆ ಒಂದು ಮೊಳ ಜಾಗ. ಅವರನ್ನು ನೋಡಿಕೊಳ್ಳಲು ನಾನು ಅಲ್ಲಿ ಮಲಗಿದ್ದೇನೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ. ಬಂದವರೂ "ಸೊಸಿ ಅಂದ್ರ ಹಿಂಗಿರಬೇಕು" ಅನ್ನುತ್ತಿದ್ದರು. ಅತ್ತೆ ಆ ಮಾತನ್ನೂ ಸುಮ್ಮನೆ ಕೇಳಿಸಿಕೊಂಡರು.

ಮೃದು ಸ್ವಭಾವದ ಹೆಂಗಸಲ್ಲ ಅವರು. 27 ವರ್ಷದಲ್ಲಿ ನನ್ನ ಅಡುಗೆ ಛಲೋ ಆಗಿದೆ ಅಂತ ಬಾಯಿ ಬಿಟ್ಟು ಹೇಳಿದವರಲ್ಲ. ಉಪ್ಪು ಕಡಿಮೆ ಆದರೆ ಮಾತ್ರ ಹೇಳುತ್ತಾರೆ. ನಾನು ಸ್ಕೂಲಿನಿಂದ ಬಂದು ಕೂತಲ್ಲೇ ತೂಕಡಿಸುವುದನ್ನು ನೋಡಿ "ಏನ್ ನಿದ್ದಿ ಅದು" ಅಂತ ಎಷ್ಟೋ ವರ್ಷ ಬೈದಿದ್ದಾರೆ. ನನಗೂ ಅವರ ಮೇಲೆ ಸಿಟ್ಟು ಇತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಗೊರಕೆ ವಿಷಯಕ್ಕೆ ಹೆಂಗಸರು ಡಾಕ್ಟರ ಹತ್ತಿರ ಹೋಗುವುದೇ ಕಡಿಮೆ. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು "ಹೆಣ್ಣಮಕ್ಕಳು ಗೊರಕಿ ಹೊಡೀತಾರೇನ್ರಿ?" ಅಂತ ನಕ್ಕರು. ಹೊಡೆಯುತ್ತಾರೆ. ಮುಟ್ಟು ನಿಂತ ಮೇಲೆ ಇದು ಇನ್ನೂ ಜಾಸ್ತಿ ಆಗುತ್ತದೆ. ಎಷ್ಟೋ ಹೆಂಗಸರಿಗೆ ಗೊರಕೆಗಿಂತ ಸುಸ್ತು, ಬೆಳಗಿನ ತಲೆನೋವು, ಸಿಡಿಮಿಡಿ ಇಷ್ಟೇ ಕಾಣಿಸುತ್ತದೆ. ಅದಕ್ಕೆಲ್ಲ ಮನೆಗೆಲಸ ಅಂತ ಹೆಸರಿಟ್ಟು ಬಿಡುತ್ತೇವೆ, ಅಲ್ವಾ? ನಾನೂ ಬಿಟ್ಟಿದ್ದೆ. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಾ ನಿಂತಲ್ಲೇ ಕಣ್ಣು ಮುಚ್ಚಿ, ಸೀಮೆಸುಣ್ಣದ ಗೆರೆ ಕೆಳಗಿನ ತನಕ ಎಳೆದುಕೊಂಡು ಹೋದ ದಿನ ಮಕ್ಕಳು ಹೆದರಿದರು. ಆವತ್ತು ಹುಬ್ಬಳ್ಳಿಗೆ ಹೋದೆ.

ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. ಉಸಿರು 10 ಸೆಕೆಂಡ್ ನಿಂತರೆ, ಇಲ್ಲಾ ತೀರಾ ಕಡಿಮೆಯಾದರೆ, ಒಂದು ಅಂತ ಎಣಿಸುತ್ತಾರೆ. ಗಂಟೆಗೆ 5ರ ಒಳಗಿದ್ದರೆ ಚಿಂತೆಯಿಲ್ಲ. 30 ದಾಟಿದರೆ ತೀವ್ರ. ನನ್ನದು 34. ಸಿಪ್ಯಾಪ್ ಮಷಿನ್ ಮಾಡುವ ಕೆಲಸ ಬಹಳ ಸರಳ. ಗಾಳಿಯನ್ನು ಒತ್ತಡದಲ್ಲಿ ಕಳಿಸಿ ಆ ದಾರಿ ಮುಚ್ಚದ ಹಾಗೆ ಹಿಡಿಯುತ್ತದೆ. ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವಾನ್ ಇದನ್ನು 1981ರಲ್ಲಿ ಜಗತ್ತಿಗೆ ತಿಳಿಸಿದರು. ಅದಕ್ಕೂ ಮುಂಚೆ ಕಾಯಿಲೆ ತೀರಾ ಜೋರಾದವರಿಗೆ ಗಂಟಲಿನಲ್ಲಿ ತೂತು ಮಾಡುತ್ತಿದ್ದರಂತೆ. ಇದನ್ನು ಓದಿದ ಮೇಲೆ ಮಾಸ್ಕ್ ಬಗ್ಗೆ ಗೊಣಗುವುದನ್ನು ಬಿಟ್ಟೆ.

ಆದರೆ ನನ್ನ ಕೈ ಬಿಡಲಿಲ್ಲ ನೋಡಿ.

ಆ ಎಂಟು ದಿನದಲ್ಲಿ ಮಷಿನ್ ಮಾರಿದವನಿಗೂ ಫೋನ್ ಮಾಡಿದ್ದೆ. "ಮೇಡಂ, ನಿಮಗ ಮನಸ್ಸಿಲ್ಲ. ಮನಸ್ಸಿದ್ರ ಯಾರೂ ತಗಿಯೂದಿಲ್ಲ" ಅಂದ. ಆ ಮಾತು ನನಗೆ ಬಹಳ ನೋವು ಕೊಟ್ಟಿತು. ನಿದ್ದೆಯಲ್ಲಿ ಇರುವವಳಿಗೆ ಮನಸ್ಸು ಎಲ್ಲಿಂದ ತರಬೇಕು? ದಿನಾ ಇದನ್ನೇ ಮಾರುವವನಿಗೆ ಅಷ್ಟು ಗೊತ್ತಿರಬಾರದಾ? ಡಾಕ್ಟರು ಬಿಡಿಸಿ ಹೇಳಿದ್ದು ಬೇರೆ. ಒಂದೆರಡು ನಿಮಿಷ ಮಾತ್ರ ಎಚ್ಚರವಾಗಿ ಮತ್ತೆ ಮಲಗಿದರೆ ಅದು ನೆನಪಿನಲ್ಲಿ ಉಳಿಯುವುದಿಲ್ಲ. "ಮಷಿನ್ ಇಲ್ದಾಗ ಉಸಿರು ಕಟ್ಟಿ ತಾಸಿಗೆ ಎಷ್ಟೋ ಸಲ ಎಚ್ಚರ ಆಗ್ತಿದ್ರಿ. ಒಂದರ ನೆನಪೈತೇನು? ಇದೂ ಹಂಗ" ಅಂದರು. ಅದನ್ನು ಕೇಳಿ ಎದೆ ಹಗುರ ಆಯಿತು.

ಕಾರಣವನ್ನೂ ಹುಡುಕಿದರು. ಚಳಿಗೆ ಮೂಗು ಕಟ್ಟುತ್ತದೆ. ಮೂಗಿನ ಮಾಸ್ಕ್ ಹಾಕಿದವಳಿಗೆ ಮೂಗೇ ಕಟ್ಟಿದರೆ ಕೈ ತಾನಾಗಿ ಮೇಲೆ ಹೋಗುತ್ತದೆ. ಇನ್ನೊಂದು, ಮಷಿನ್ ಒತ್ತಡ 4ರಿಂದ ಶುರುವಾಗಿ ನಿಧಾನಕ್ಕೆ ಏರುತ್ತಿತ್ತು. ನನಗೆ 4 ಸಾಲದು, ಗಾಳಿ ಸಿಗುತ್ತಿಲ್ಲ ಅನಿಸುತ್ತಿತ್ತು. ಅದನ್ನು 6 ಮಾಡಿದರು. ಮೂಗಿಗೆ ಉಪ್ಪುನೀರಿನ ಸ್ಪ್ರೇ ಬರೆದರು. ಮಾಸ್ಕ್ ತೆಗೆದರೆ ಸದ್ದು ಮಾಡುವ ಅಲಾರಂ ಹಾಕಿಕೊಟ್ಟರು. ಬೆಳಗಿನ ಜಾವದ ಕನಸಿನ ನಿದ್ದೆಯಲ್ಲಿ ಮೈ ಪೂರ್ತಿ ಸಡಿಲಾಗಿ ಉಸಿರು ಇನ್ನೂ ಜಾಸ್ತಿ ಕಟ್ಟುತ್ತದಂತೆ. ಅಂದರೆ ನಾನು ತೆಗೆಯುತ್ತಿದ್ದದ್ದು ಅದು ನಿಜವಾಗಿ ಬೇಕಾದ ಹೊತ್ತಿನಲ್ಲೇ. ಆ ಹೊತ್ತಿಗೇ ಅತ್ತೆ ಎಚ್ಚರ ಇರುತ್ತಿದ್ದರು.

"ನೀ ತಗೀತಿದ್ದಿ, ನಾ ಹಾಕ್ತಿದ್ನಿ." ಮೂರು ದಿನ ಪಾತ್ರೆ ತಿಕ್ಕುವಾಗ, ಪೇಪರ್ ತಿದ್ದುವಾಗ ಇದೇ ಮಾತು ಕಿವಿಯಲ್ಲಿ. ಎಷ್ಟು ಸಲ ಆಗಿರಬಹುದು? ದಿನಕ್ಕೆ ಎರಡು ಅಂದರೂ ಮೂರು ತಿಂಗಳಿಗೆ 180. ಆಪರೇಷನ್ ಆದ ಸೊಂಟ ಇಟ್ಟುಕೊಂಡು, ಕತ್ತಲಲ್ಲಿ.

ಭಾನುವಾರ ಅವರು ಊರಿಗೆ ಬಂದರು. ಕಾರಿನಿಂದ ಇಳಿಸಿಕೊಂಡು ಕೂರಿಸಿದ ಕೂಡಲೇ ನನಗೆ ಬಂದದ್ದು ಸಿಟ್ಟು. "ಬಿದ್ದಿದ್ರ ಏನ್ ಗತಿ? ಮತ್ತ ಮೂಳಿ ಮುರದಿದ್ರ? ನನ್ನ ಎಬ್ಬಸಬೇಕಿಲ್ಲೋ?" ಅಂತ ಕೂಗಿಯೇ ಬಿಟ್ಟೆ.

ಅವರು ಕೋಲನ್ನು ಗೋಡೆಗೆ ಒರಗಿಸಿ ಸಾವಕಾಶ ಹೇಳಿದರು. ಎದ್ದಿಲ್ಲವಂತೆ. ಮಾಸ್ಕ್ ತೆಗೆದ ಕೂಡಲೇ ಗಾಳಿ ಹಾವಿನ ಹಾಗೆ ಬುಸ್ ಅನ್ನುತ್ತದೆ, ಅವರಿಗೆ ಎಚ್ಚರ ಆಗುತ್ತದೆ. ನನ್ನ ಹಣೆಯ ಮೇಲೆ ಇದ್ದರೆ ಕೂತಲ್ಲಿಂದಲೇ ಕೈ ಚಾಚಿ ಇಳಿಸುವುದು. ನೆಲಕ್ಕೆ ಬಿದ್ದಿದ್ದರೆ ಕೋಲಿನ ಕೊಂಕಿಯಿಂದ ಪೈಪ್ ಎಳೆದುಕೊಳ್ಳುವುದು. ಆಮೇಲೆ ಒಂದು ಕೈ ನನ್ನ ಕುತ್ತಿಗೆ ಕೆಳಗೆ ಹಾಕಿ ತಲೆ ಎತ್ತಿ, ಇನ್ನೊಂದು ಕೈಯಿಂದ ಪಟ್ಟಿ ಏರಿಸುವುದು.

"ಕೂಸಿಗೆ ಕುಂಚಿಗಿ ಕಟ್ಟಿಧಾಂಗ. ಎಷ್ಟ್ ಕೂಸಿಗೆ ಕಟ್ಟೇನಿ ನಾ" ಅಂದರು.

ಕೈ ಮಾಡಿಯೂ ತೋರಿಸಿದರು. ಗಾಳಿಯಲ್ಲಿ ಒಂದು ತಲೆ ಎತ್ತಿ, ಪಟ್ಟಿ ಎಳೆದು, ಕಿವಿ ಹತ್ತಿರ ಕೂದಲು ಸರಿಸಿದರು. ಆ ಕೂದಲು ಸರಿಸಿದ್ದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಟ್ಟಿಯ ಕೆಳಗೆ ಕೂದಲು ಸಿಕ್ಕರೆ ಎಳೆಯುತ್ತದೆ. ಅದು ಹಾಕಿಕೊಂಡವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ.

ಬೆಟಗೇರಿಯ ನೇಕಾರರ ಮನೆಯಲ್ಲಿ ಬೆಳೆದ ಕೈ ಅದು. ಸಣ್ಣಂದಿನಿಂದ ಕಂಡಿಕೆ ಸುತ್ತಿದ್ದಾರೆ, ಹರಿದ ಎಳೆ ಕೂಡಿಸಿದ್ದಾರೆ. ಬೆರಳ ತುದಿ ಈಗಲೂ ಕಣ್ಣಿಗಿಂತ ಚುರುಕು. ಚಳಿ ಶುರುವಾದಾಗ ಪೈಪಿನ ಒಳಗೆ ನೀರು ಕೂತು ಗುಳುಗುಳು ಅಂದು ನನ್ನ ಮೂಗಿಗೆ ಹನಿ ಬೀಳುತ್ತಿತ್ತು. ಬೆಚ್ಚಗಿನ ಹಸಿ ಗಾಳಿ ತಣ್ಣನೆಯ ಪೈಪಿನಲ್ಲಿ ಹಾಗೇ ಆಗುವುದು. ಅವರು ಹಳೆಯ ಇಳಕಲ್ ಸೀರೆಯ ತುಂಡು ತೆಗೆದು, ಕೌದಿ ಹೊಲಿಯುವ ಹಾಗೆ ಎರಡು ಪದರು ಹಾಕಿ ಪೈಪಿಗೆ ಉದ್ದಕ್ಕೂ ಒಂದು ಅಂಗಿ ಹೊಲಿದರು. ಆರಡಿ ಉದ್ದ. ಹನಿ ನಿಂತಿತು. ನಾನು ಅವತ್ತು ಅವರಿಗೆ ಹೊತ್ತು ಹೋಗಲಿಕ್ಕೆ ಒಂದು ಕೆಲಸ ಆಯಿತು ಅಂದುಕೊಂಡೆ. ಆ ಗುಳುಗುಳು ಸದ್ದನ್ನು ರಾತ್ರಿ ಎಚ್ಚರ ಇದ್ದು ಕೇಳಿದವರು ಯಾರು ಅಂತ ಯೋಚಿಸಲೇ ಇಲ್ಲ.

"ಹೇಳಬೇಕಿತ್ತಲ್ರಿ ಅತ್ತೀ" ಅಂದೆ.

"ಹೇಳಿದ್ರ ನೀ ಹೆದರಿ ಎಚ್ಚರನ ಇರ್ತಿದ್ದಿ. ಆ ಮಷಿನ್ ಇರೂದು ನಿದ್ದಿ ಸಲುವಾಗಿ ಅಲ್ಲೇನು?"

ಇದಕ್ಕೆ ಏನು ಹೇಳಬೇಕು?

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯರು. ನನ್ನ ಗೊರಕೆ ತಾಳದೆ ಹತ್ತು ವರ್ಷದ ಹಿಂದೆ ಹಾಲಿಗೆ ಹೋಗಿ ಮಲಗಿದವರು ವಾಪಸ್ ಬಂದಿಲ್ಲ. ಅದನ್ನು ತಪ್ಪು ಅನ್ನುವುದಿಲ್ಲ, ಅವರಿಗೂ ಬೆಳಿಗ್ಗೆ ಕೆಲಸ. ಆದರೆ ಹತ್ತು ವರ್ಷದಲ್ಲಿ ಒಂದು ಸಲವಾದರೂ, ಇವಳ ಉಸಿರು ನಡುನಡುವೆ ನಿಲ್ಲುತ್ತದಲ್ಲ ಅಂತ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದರೆ ನಾನು ಅಷ್ಟು ಮೊದಲೇ ಡಾಕ್ಟರ ಹತ್ತಿರ ಹೋಗಿರುತ್ತಿದ್ದೆ. ಇದನ್ನು ಅವರಿಗೆ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಲಿ. "ಇನ್ನ ಮ್ಯಾಲೆ ನಾ ಬಂದು ಹಾಕ್ತೀನಿ ಬಿಡವಾ" ಅಂತ ತಾಯಿಗೆ ಹೇಳಿದರು. "ನೀ ಮಲಗು" ಅಂದರು ಅತ್ತೆ.

ಈ ದೇಹ ನನ್ನದು ಅಂತ 52 ವರ್ಷ ಅಂದುಕೊಂಡೇ ಬಂದೆ. ದಿನದಲ್ಲಿ ಆರೇಳು ತಾಸು ಅದು ನನ್ನ ಕೈಯಲ್ಲಿ ಇರುವುದೇ ಇಲ್ಲ. ಆಗ ಅದನ್ನು ಯಾರಾದರೂ ನೋಡಿಕೊಳ್ಳಬೇಕು. ಸಣ್ಣವರಿದ್ದಾಗ ನೋಡಿಕೊಂಡವರು ಇದ್ದರು, ನೆನಪಿಲ್ಲ. ಯಾರು ಹೊದಿಸಿದರು, ಯಾರು ಸೊಳ್ಳೆ ಓಡಿಸಿದರು, ಯಾರು ಮಗ್ಗುಲು ಬದಲಿಸಿದರು, ಒಂದೂ ನೆನಪಿಲ್ಲ. ಆ ಲೆಕ್ಕ ಯಾವ ಮಷಿನ್ನೂ ಬರೆದಿಟ್ಟಿಲ್ಲ. ಇದೊಂದು ಮಷಿನ್ ಬರೆದಿಟ್ಟಿತು, ಅದೂ ನನ್ನ ಹೆಸರಲ್ಲಿ. ಡಾಕ್ಟರು "ಭೇಷ್" ಅಂದ ಆರು ತಾಸಿನಲ್ಲಿ ನನ್ನದು ಎರಡು. ಉಳಿದ ನಾಲ್ಕು ಅವರದು.

ಭಾನುವಾರ ರಾತ್ರಿ ಅಲಾರಂ ಹಚ್ಚಿ ಮಲಗಿದೆ. ಮಂಚಗಳನ್ನು ಪೂರ್ತಿ ಹತ್ತಿರ ಸರಿಸಿದ್ದೆ, ಕೆಳಗೆ ಸಣ್ಣ ದೀಪ ಇಟ್ಟಿದ್ದೆ. ಏನಾದರೂ ಆದರೆ ನಾನೇ ಎದ್ದು ಹಾಕಿಕೊಳ್ಳಬೇಕು, ಅವರು ಮಲಗಲಿ ಅಂತ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮಾಸ್ಕ್ ಮುಖದ ಮೇಲೇ ಇತ್ತು. ಅಲಾರಂ ಕೇಳಿದ ನೆನಪಿಲ್ಲ. ಖುಷಿಯಿಂದ ಎದ್ದು ಹೊರಗೆ ಬಂದೆ.

ಅವರು ಜಗಲಿಯ ಬಿಸಿಲಿಗೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದರು.

"ರಾತ್ರಿ ತಗೀಲಿಲ್ಲ ನೋಡ್ರಿ ಅತ್ತೀ" ಅಂದೆ.

ಕೈಯಲ್ಲಿದ್ದ ಬತ್ತಿ ಮುಗಿಸಿ ತಾಟಿನಲ್ಲಿಟ್ಟರು. ಇನ್ನೊಂದು ಎಳೆ ತೆಗೆದುಕೊಂಡರು.

"ತಗದಿದ್ದಿ. ಒಂದ ಸಲ."