ಆರನೇ ಹೆಜ್ಜೆ: ನಮ್ಮ ವಾಳೆಯ ಪಿಂಚಣಿ ಕೆಲಸ ಎಲ್ಲಿಗೆ ಬಂತು

ಜೂನ್

ನಮ್ಮ ವಾಳೆಯ, ಅಂದರೆ ಚರ್ಚಿನ ಒಂದು ವಾರ್ಡಿನ, ಕಿರು ಕ್ರೈಸ್ತ ಸಮುದಾಯ ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತದೆ. ಬೈಬಲ್ ಓದುವ ಕ್ರಮ ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆಯಿಂದ ಬಂದ ಏಳು ಹೆಜ್ಜೆಯದು. ಪ್ರಭುವನ್ನು ಕರೆಯುವುದು, ವಾಕ್ಯ ಓದುವುದು, ಮನಸ್ಸಿಗೆ ತಟ್ಟಿದ ಮಾತನ್ನು ಮತ್ತೆ ಉಚ್ಚರಿಸುವುದು, ಮೌನ, ಹಂಚಿಕೆ. ಇಲ್ಲಿಯವರೆಗೆ ನಾವು ಶೂರರು. ಆರನೆಯದು, ‘ಈಗ ಏನು ಮಾಡೋಣ’ ಎಂದು ಮಾತಾಡುವುದು. ಅಷ್ಟರಲ್ಲಿ ಒಳಗಿನಿಂದ ಚಹಾದ ಪರಿಮಳ ಬರುತ್ತದೆ, ಸೀದಾ ಏಳನೆಯ ಪ್ರಾರ್ಥನೆಗೆ ಹಾರುತ್ತೇವೆ.

ಈ ಸಲದ ಓದು ಯಕೋಬನ ಪತ್ರದ ಎರಡನೇ ಅಧ್ಯಾಯ. ಉಡಲು ಉಣ್ಣಲು ಇಲ್ಲದವರಿಗೆ ಬರೀ ಒಳ್ಳೆ ಮಾತು ಹೇಳಿ ಕಳಿಸಿದರೆ ಏನು ಬಂತು ಎಂದು ಕೇಳುವ ಭಾಗ. ವಾಳೆಯ ಮುಖಂಡರಾದ ಗುರಿಕಾರರು, “ಆರನೇದು ಮುಗಿಯದೆ ಚಹಾ ಇಲ್ಲ” ಅಂದುಬಿಟ್ಟರು. ಮೂಲೆಯಲ್ಲಿ ಕೂತಿದ್ದ ಬಾಯಿಯೊಬ್ಬರು (ಹಿರಿಯ ಹೆಂಗಸರನ್ನು ನಾವು ಕರೆಯುವುದು ಹಾಗೆ) ಆಗ ಮಾತು ತೆಗೆದದ್ದು: ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರಿಗೆ ಸರ್ಕಾರ ಕೊಡುವ ಪಿಂಚಣಿಯ, ಹಣ ಬರುವುದು ನಿಂತು ಬಹಳ ಸಮಯವಾಯಿತಂತೆ. ಪಕ್ಕದ ಮನೆಯ ಬ್ಯಾರಿ (ಕರಾವಳಿಯ ಮುಸ್ಲಿಂ) ಅಜ್ಜಿಯದೂ ಅದೇ ಕತೆಯಂತೆ. ತಿಂಗಳಿಗೆ 1,200 ರೂಪಾಯಿ. ಮಾತ್ರೆಯ ಖರ್ಚು ಅದರಲ್ಲೇ.

ಜುಲೈ

ಮನೆಮನೆ ಹೋಗುವುದೆಂದು ಆಯಿತು. ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯಲ್ಲಿ ದುಡಿದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಒಝನಾಮ್ ಮತ್ತವರ ಗೆಳೆಯರು ಶುರುಮಾಡಿದ ಆ ಸಭೆಯಲ್ಲಿ ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗುವುದು ರೂಢಿ. ಅದನ್ನೇ ಹಿಡಿದೆವು: ಒಬ್ಬ ಹಿರಿಯರು, ಮೊಬೈಲ್ ಗೊತ್ತಿರುವ ಒಬ್ಬ ಯುವಕ ಅಥವಾ ಯುವತಿ. ಇನ್ನೊಂದು ನಿರ್ಧಾರವೂ ಆಯಿತು. ಯಾವ ಮನೆಗೂ ಪ್ರಾರ್ಥನೆಯ ಚೀಟಿ ಒಯ್ಯುವುದಿಲ್ಲ. ಇದಕ್ಕೆ ಕೆಲವರ ಮುಖ ಸ್ವಲ್ಪ ಊದಿತು; ನನಗಂತೂ ಸರಿಯೆನಿಸಿತು.

ಆಗಸ್ಟ್

ಗಂಟು ಎಲ್ಲಿದೆ ಎಂದು ಈಗ ತಿಳಿಯಿತು. ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಬ್ಯಾರಿ ಅಜ್ಜಿ ಯಾವಾಗಲೋ ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದು ಮರೆತಿದ್ದರು. ಪೆಟ್ಟಿಗೆಯ ತಳದಿಂದ ಹಳೇ ಪಾಸ್‌ಬುಕ್ ತೆಗೆದು ಎಂಟ್ರಿ ಹಾಕಿಸಿದರೆ ಸಾಲಿಗೆ ಸಾಲು 1,200, 1,200. ಅವರು ಮೊದಲು ಕೇಳಿದ್ದು, “ಇದು ಯಾರ ದುಡ್ಡು ಮಗಾ?”

ಎರಡನೇ ತೊಡಕು ಆಧಾರ್ ಗುರುತಿಗೆ ಒತ್ತುವ ಹೆಬ್ಬೆಟ್ಟಿನದು. ಜೀವಮಾನವಿಡೀ ಬೀಡಿ ಕಟ್ಟಿದ ಬಾಯಿಯ ಬೆರಳುಗಳಲ್ಲಿ ಗೆರೆಯೇ ಉಳಿದಿಲ್ಲ. ಎಲೆ ಸುರುಳಿ ಮಾಡುವ ತುದಿಗಳು ಹೊಳೆಯುವಷ್ಟು ನುಣುಪು. ಯಂತ್ರ ಕೆಂಪು ದೀಪ ತೋರಿಸುತ್ತದೆ, ಹಿಂದೆ ಕ್ಯೂನಲ್ಲಿರುವವರು ಗೊಣಗುತ್ತಾರೆ. ಬಿಸಿನೀರಲ್ಲಿ ಕೈ ತೊಳೆದು, ಚೂರು ಕೊಬ್ಬರಿ ಎಣ್ಣೆ ಸವರಿ, ಒರೆಸಿ, ಕಿರುಬೆರಳು ಇಟ್ಟಾಗ ಹಸಿರು ಬಂತು. ಕೆಲವರಿಗೆ ಅದೂ ಆಗಲಿಲ್ಲ. ಅವರನ್ನು ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ದಾಖಲಿಸಬೇಕು.

ಸೆಪ್ಟೆಂಬರ್

8ಕ್ಕೆ ಮೊಂತಿ ಹಬ್ಬ, ಮರಿಯಮ್ಮನ ಹುಟ್ಟುಹಬ್ಬ ಮತ್ತು ನಮ್ಮ ತೆನೆ ಹಬ್ಬ. ತೆನೆ, ಹೂವು, ಹೊಸ ಅಕ್ಕಿಯ ಊಟದ ಗಡಿಬಿಡಿಯಲ್ಲಿ ಕೆಲಸ ಮುಂದೆ ಹೋಗಲಿಲ್ಲ. ಹಬ್ಬದ ನಂತರದ ಕೂಟದಲ್ಲಿ ಮಾತ್ರ ಬಿಸಿ ಚರ್ಚೆ. “ಇದು ಏಜೆಂಟರ ಕೆಲಸ. ಇದರಲ್ಲಿ ವಿಶ್ವಾಸ ಎಲ್ಲಿ ಬಂತು? ಬ್ಯಾಂಕಿನ ಫಾರ್ಮ್ ಯಾರೂ ತುಂಬಬಹುದು” ಎಂದರು ಒಬ್ಬರು. ಸಣ್ಣ ಮಾತಲ್ಲ. ಆವತ್ತು ಮತ್ತಾಯ 25 ತೆಗೆದೆವು. ಅಲ್ಲಿ ಹಸಿದವರಿಗೆ ಉಣಬಡಿಸಿದವರಿಗೇ ತಾವು ಯಾರಿಗೆ ಬಡಿಸಿದೆವೆಂದು ಗೊತ್ತಿರುವುದಿಲ್ಲ; ‘ನಿನ್ನನ್ನು ಯಾವಾಗ ನೋಡಿದೆವು’ ಎಂದು ಕೇಳುತ್ತಾರೆ. ಕೆಲಸ ಮಾಡುವಾಗ ಭಕ್ತಿ ಉಕ್ಕಲೇಬೇಕೆಂದು ಆ ಭಾಗ ಎಲ್ಲೂ ಹೇಳುವುದಿಲ್ಲ ಎಂಬುದು ನನ್ನ ವಾದ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಮರುದಿನ ಸ್ಕೂಟರ್ ತೆಗೆದುಕೊಂಡು ನಾಡಕಚೇರಿಗೆ ಹೋದದ್ದು ಅವರೇ.

ಅಕ್ಟೋಬರ್

ಬಾಯಿಯ ಹಣ ಬಂತು. ಹೊಸ ಅರ್ಜಿಗಳಲ್ಲಿ ಕೆಲವು ಗ್ರಾಮ ಆಡಳಿತಾಧಿಕಾರಿಯ ಪರಿಶೀಲನೆಯ ಹಂತದಲ್ಲಿವೆ. ಒಂದು ವಾಪಸ್ ಬಂದಿದೆ: ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಜ್ಞಾನಸ್ನಾನದ ಹೆಸರು, ಕರೆಯುವ ಹೆಸರು, ಮನೆತನದ ಹೆಸರು ಕಲಸಿಹೋಗುವುದು ನಮ್ಮವರಲ್ಲಿ ಮಾಮೂಲು.

ಬಾಕಿ ಇರುವುದು ಸೊಂಟ ಮುರಿದು ಮಲಗಿದ್ದು, ಈಗ ಹಿಡಿದರೆ ಕೂರಬಲ್ಲ ಅಜ್ಜನದು. ಗುರುವಾರ ಆಧಾರ್ ಕೇಂದ್ರಕ್ಕೆ ಆಟೋ ಹೇಳಿದ್ದಾಗಿದೆ. ಹಿಂದಿನ ಸೀಟಿನಲ್ಲಿ ಅವರನ್ನು ಹಿಡಿದು ಕೂರಲು ಒಬ್ಬರು ಬೇಕು. ಬರುವವರು ಬುಧವಾರ ರಾತ್ರಿಯೊಳಗೆ ಗುರಿಕಾರರಿಗೆ ತಿಳಿಸಿ.