ಡಿಂಗ್ಬೋಚೆಯಲ್ಲಿ ಅರ್ಧ ಉಳಿದ ಊಟ

ಎವರೆಸ್ಟ್ ಬೇಸ್ ಕ್ಯಾಂಪ್ ಟ್ರೆಕ್‌ಗೆ ಪ್ಯಾಕೇಜ್ ಹುಡುಕುವಾಗ ಮನೆಯಲ್ಲಿ ಎಲ್ಲರೂ ಮೊದಲು ನೋಡಿದ್ದು ರೇಟು. ನಾನು ನೋಡಿದ್ದು, ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೇವೆ ಅನ್ನೋದನ್ನ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದೇ ಊರಲ್ಲಿ ಇನ್ನೊಂದು ರಾತ್ರಿ ಉಳಿಯಬೇಕು ಅಂತ ಡಾಕ್ಟರುಗಳು ಹೇಳುತ್ತಾರೆ. ಅಗ್ಗದ ಪ್ಯಾಕೇಜ್‌ಗಳಲ್ಲಿ ಮೊದಲು ಕತ್ತರಿ ಬೀಳುವುದು ಈ ದಿನಗಳಿಗೇ. ನಾವು ಆರಿಸಿಕೊಂಡದ್ದರಲ್ಲಿ ನಾಮ್ಚೆಯಲ್ಲಿ (3,440 ಮೀಟರ್) ಎರಡು ರಾತ್ರಿ, ಡಿಂಗ್ಬೋಚೆಯಲ್ಲಿ (4,410 ಮೀಟರ್) ಎರಡು ರಾತ್ರಿ, ಮೇಲೆ ಒಂದು ದಿನ ಕೈಯಲ್ಲಿ. ದುಡ್ಡು ಜಾಸ್ತಿಯೇ ಆಯಿತು. ಮತ್ತೆ ಹೋಗುವುದಾದರೂ ಹೀಗೇ ಆರಿಸುತ್ತೇನೆ.

ಭಾವ ಮ್ಯಾರಥಾನ್ ಓಡುವವರು. ತಯಾರಿ ಅಂದರೆ ಅವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲು. ಬ್ಯಾಗಿನಲ್ಲಿ ನೀರಿನ ಬಾಟಲಿ ತುಂಬಿಕೊಂಡು ಹತ್ತಿ ಇಳಿಯುತ್ತಿದ್ದರು, ಹಿಂದೆ ನಾನು. ಒಳ್ಳೆಯ ಅಭ್ಯಾಸವೇ. ಇಳಿಯುವಾಗ ಮಂಡಿ ಗಟ್ಟಿಯಾಗುತ್ತದೆ, ಹೊಸ ಶೂ ಎಲ್ಲಿ ಕಚ್ಚುತ್ತದೆ ಅಂತ ಮನೆ ಹತ್ತಿರವೇ ಗೊತ್ತಾಗುತ್ತದೆ. ಆದರೆ ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕಾಲನ್ನು ಇಲ್ಲಿ ಪಳಗಿಸಬಹುದು. ತೆಳು ಗಾಳಿಗೆ ಮೈ ಒಗ್ಗಬೇಕಾದರೆ ಅಲ್ಲಿಗೇ ಹೋಗಬೇಕು.

ತೆಳು ಗಾಳಿಯಿಂದ ಬರುವ ಎತ್ತರದ ಕಾಯಿಲೆ ತಡೆಯೋಕೆ ಡಾಕ್ಟರ ಹತ್ತಿರ ಡಯಾಮಾಕ್ಸ್ ಮಾತ್ರೆ ಬರೆಸಿಕೊಂಡೆವು. ಅದು ಎಲ್ಲರಿಗೂ ಆಗುವುದಿಲ್ಲ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಬೆರಳ ತುದಿ ಜುಮುಗುಡುತ್ತದೆ, ಪದೇಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಹೆದರಬೇಡಿ ಅಂದರು. ವಿಮೆ ಮಾಡಿಸುವಾಗ ಹೆಲಿಕಾಪ್ಟರ್ ಖರ್ಚು ಸೇರಿದೆಯಾ, ಎಷ್ಟು ಮೀಟರ್‌ವರೆಗೆ ಅನ್ವಯ ಅಂತ ಕೇಳಿ ಬರೆಸಿಕೊಂಡೆವು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಗೆ ಬ್ಯಾಗಲ್ಲಿ ಜಾಗ ಮಾಡಿದೆ. ಮೇಲೆ ಹೋದಂತೆ ನಾಲಿಗೆ ಸಪ್ಪೆಯಾಗುತ್ತದೆ, ಆಗ ಅನ್ನ ಒಳಗೆ ಇಳಿದದ್ದು ಅದರಿಂದಲೇ. ನಾಮ್ಚೆಯ ಪಿಜ್ಜಾ, ಕೇಕುಗಳನ್ನು ಹೊಗಳುವವರು ಹೊಗಳಲಿ, ನನಗೆ ಬಿಸಿ ದಾಲ್ ಭಾತ್ ಮುಂದೆ ಅವು ಏನೂ ಅಲ್ಲ.

ಒಂದು ವಿಷಯಕ್ಕೆ ಇನ್ನೂ ಸಿಟ್ಟಿದೆ. ಸೀಸನ್‌ನಲ್ಲಿ, ನಡಿಗೆ ಶುರುವಾಗುವ ಊರಾದ ಲುಕ್ಲಾಕ್ಕೆ ಹೋಗುವ ವಿಮಾನಗಳು ಬಹುಪಾಲು ಕಾಠ್ಮಂಡುವಿನಿಂದ ಹೊರಡುವುದಿಲ್ಲ, ರಾಮೆಛಾಪ್‌ನಿಂದ ಹೊರಡುತ್ತವೆ. ರಸ್ತೆಯಲ್ಲಿ ನಾಲ್ಕೈದು ಗಂಟೆ ದೂರ. ನಾವು ಬುಕ್ ಮಾಡಿದ ಕಂಪನಿ ಇದನ್ನು ಹೇಳಿದ್ದು ಹಿಂದಿನ ಸಂಜೆ, ಅದೂ ನಾವಾಗಿ ಫೋನ್ ಮಾಡಿದ ಮೇಲೆ. ನಡುರಾತ್ರಿ ಜೀಪ್ ಹತ್ತಿ, ತಿರುವುಗಳಲ್ಲಿ ವಾಂತಿ ಮಾಡುತ್ತಾ, ನಿದ್ದೆಯಿಲ್ಲದೆ ಟ್ರೆಕ್ ಶುರು ಮಾಡಬೇಕಾಯಿತು. ದುಡ್ಡು ಕಟ್ಟುವ ಮೊದಲೇ ವಿಮಾನ ಯಾವ ಊರಿಂದ, ಜೀಪಿನ ಬಾಡಿಗೆ ಯಾರದು ಅಂತ ಕೇಳಿಬಿಡಿ.

ಡಿಂಗ್ಬೋಚೆ ತನಕ ಎಲ್ಲ ಚೆನ್ನಾಗಿತ್ತು. ಅಲ್ಲಿನ ಲಾಡ್ಜ್‌ನಲ್ಲಿ ಯಾಕ್ ಸಗಣಿಯ ಬೆರಣಿ ಹಾಕಿದ ಒಲೆ ಸುತ್ತ ಕೂತು ಊಟ ಮಾಡುತ್ತಿದ್ದೆವು. ನಮ್ಮ ಗೈಡನ್ನು ದಾಯಿ (ನೇಪಾಳಿಯಲ್ಲಿ ಅಣ್ಣ) ಅಂತ ಕರೆಯುತ್ತಿದ್ದೆವು. ಅವರು ಯಾವಾಗಲೂ ನಮ್ಮೆಲ್ಲರ ಊಟ ಮುಗಿದ ಮೇಲೇ ಉಣ್ಣುತ್ತಿದ್ದರು. ಅವತ್ತು ಭಾವನ ತಟ್ಟೆ ಎತ್ತುತ್ತಾ ಹಿಂದಿಯಲ್ಲಿ ಕೇಳಿದರು, "ಸರ್, ತಲೆ ನೋಯ್ತಿದೆಯಾ?"

"ಇಲ್ಲಪ್ಪ, ಹಸಿವಿಲ್ಲ ಅಷ್ಟೇ."

"ಮಧ್ಯಾಹ್ನ ಸೂಪೂ ಅರ್ಧ ಬಿಟ್ರಿ. ಮೋಡ ಮುಚ್ಚಿದ್ರೂ ಕಪ್ಪು ಕನ್ನಡಕ ತೆಗೀಲಿಲ್ಲ. ಲೇಸ್ ಕಟ್ಟೋಕೆ ಬಗ್ಗಿದಾಗ ಕಣ್ಣು ಮುಚ್ಚಿಕೊಂಡ್ರಿ."

ಭಾವನ ಪಕ್ಕದಲ್ಲೇ ಇದ್ದ ನಾನು ಇದ್ಯಾವುದನ್ನೂ ಗಮನಿಸಿರಲಿಲ್ಲ. ದಾಯಿ ನೆಲದ ಹಲಗೆಯ ಗೆರೆ ತೋರಿಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ನಡೆಯಲು ಹೇಳಿದರು. ಭಾವ ನೆಟ್ಟಗೆ ನಡೆದರು. ಓಲಾಡಿದ್ದರೆ ಮಿದುಳಿಗೆ ಊತ ಬಂದಿರಬಹುದು, ಈಗಲೇ ಟಾರ್ಚ್ ಹಿಡಿದು ಕೆಳಗೆ ಇಳಿಸುತ್ತಿದ್ದೆ ಅಂದರು.

"ವಾಪಸ್ ಕಳಿಸ್ತೀರಿ ಅಂತ ಹೆದರಿ ತಲೆನೋವಿನ ವಿಷಯ ಹೇಳಲಿಲ್ಲ," ಅಂತ ಭಾವ ಒಪ್ಪಿಕೊಂಡರು.

ದಾಯಿ ಸ್ವಲ್ಪ ಹೊತ್ತು ಒಲೆ ಕೆದಕಿದರು. "ನಾನು ಮೊದಲು ಪೋರ್ಟರ್ ಆಗಿದ್ದೆ ಸರ್. ತಲೆನೋವು ಅಂದ್ರೆ ಹೊರೆ ಇನ್ನೊಬ್ಬನಿಗೆ ಹೋಗುತ್ತೆ, ಕೂಲಿನೂ ಹೋಗುತ್ತೆ. ಅದಕ್ಕೆ ಬಾಯಿ ಬಿಡ್ತಿರಲಿಲ್ಲ. ನೀವು ದುಡ್ಡು ಕೊಟ್ಟು ಬಂದೋರು. ನೀವ್ಯಾಕೆ ಮುಚ್ಚಿಡ್ತೀರಿ?"

ಭಾವನಿಗೆ ಉತ್ತರ ಹೊಳೆಯಲಿಲ್ಲ. ನಾನು ಕೇಳಿದೆ, "ಈಗಲೂ ಹುಡುಗರು ಹೇಳಲ್ವಾ ದಾಯಿ?"

"ಹೇಳಲ್ಲ ದಿದಿ. ಅದಕ್ಕೇ ಅವರ ತಟ್ಟೆನೂ ನೋಡ್ತೀನಿ."

ಆಮೇಲೆ ಅಡುಗೆಮನೆ ಕಡೆಗೆ ಹೋದರು. ನಮ್ಮ ಸಾಮಾನು ಹೊರುವ ಇಬ್ಬರು ಹುಡುಗರು ಅಲ್ಲಿ ಊಟಕ್ಕೆ ಕೂತಿದ್ದರು. ಬಾಗಿಲ ಸಂದಿಯಿಂದ ನೋಡಿದೆ. ಒಬ್ಬನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, ಅವನು ತುತ್ತು ಬಾಯಿಗಿಡುವವರೆಗೂ ದಾಯಿ ಅಲ್ಲೇ ನಿಂತಿದ್ದರು. ಪ್ಯಾಕೇಜ್ ನೋಡುವಾಗ ನಮ್ಮ ಊಟ, ನಮ್ಮ ರೂಮು, ನಮ್ಮ ವಿಮೆ ಎಲ್ಲ ವಿಚಾರಿಸುತ್ತೇವೆ. ಪೋರ್ಟರ್‌ಗೆ ವಿಮೆ ಇದೆಯಾ, ಕಾಯಿಲೆ ಬಿದ್ದರೆ ಕೂಲಿ ಸಿಗುತ್ತಾ, ಬೆಚ್ಚನೆ ಬಟ್ಟೆ ಇದೆಯಾ, ಎಷ್ಟು ಕಿಲೋ ಹೊರಿಸುತ್ತೀರಿ, ಇದನ್ನೂ ಕೇಳಬೇಕು. ಹೊರೆ ಯಾವ ಕಾರಣಕ್ಕೂ 30 ಕಿಲೋ ದಾಟಬಾರದು. ಸರಿಯಾಗಿ ಉತ್ತರ ಕೊಡದ ಕಂಪನಿಯನ್ನು ಬಿಟ್ಟುಬಿಡಿ.

ಮರುದಿನ ದಿಬ್ಬದ ಆಚೆಗಿನ ಫೆರಿಚೆಗೆ ನಡೆದೆವು. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಅಲ್ಲಿದೆ, ಸೀಸನ್‌ನಲ್ಲಿ ಡಾಕ್ಟರುಗಳು ಇರುತ್ತಾರೆ. ಭಾವನನ್ನು ಪರೀಕ್ಷಿಸಿದ ಡಾಕ್ಟರ್, ಎಷ್ಟು ಓಡುತ್ತೀರಿ ಅನ್ನೋದಕ್ಕೂ ಎತ್ತರದ ಕಾಯಿಲೆಗೂ ಸಂಬಂಧವಿಲ್ಲ, ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂದರು. ನೋವು ಪೂರ್ತಿ ಬಿಡುವ ತನಕ ಮೇಲೆ ಹೋಗಬಾರದು, ಜಾಸ್ತಿಯಾದರೆ ಇಳಿಯಲೇಬೇಕು. ಕೈಯಲ್ಲಿದ್ದ ದಿನ ಡಿಂಗ್ಬೋಚೆಯಲ್ಲೇ ಕಳೆಯಿತು. ಮೂರನೇ ಬೆಳಗ್ಗೆ ಭಾವ ಎರಡು ತಟ್ಟೆ ಗಂಜಿ ಕುಡಿದರು, ದಾಯಿ ಬ್ಯಾಗು ಕಟ್ಟಿ ಅಂದರು.

ಬೇಸ್ ಕ್ಯಾಂಪ್ (5,364 ಮೀಟರ್) ಮುಟ್ಟಿದೆವು, ಫೋಟೋ ತೆಗೆಸಿಕೊಂಡೆವು. ಅಲ್ಲಿಂದ ಎವರೆಸ್ಟ್ ತುದಿ ಕಾಣುವುದಿಲ್ಲ. ಅದಕ್ಕೆ ಹತ್ತಿರದ ಕಾಲಾ ಪತ್ಥರ್ ಅನ್ನೋ ಗುಡ್ಡ ಹತ್ತಬೇಕು, ಶಕ್ತಿ ಉಳಿದಿದ್ದರೆ ಅದನ್ನು ಬಿಡಬೇಡಿ. ನಾವು ಕತ್ತಲಲ್ಲೇ ಹೊರಟೆವು. ಭಾವ ದಾರಿಯುದ್ದಕ್ಕೂ ದಾಯಿಯ ಬೆನ್ನ ಹಿಂದೆಯೇ ನಡೆದರು. ಮೇಲೆ ತಲುಪಿದ ಮೇಲೆ ತಾವಾಗಿಯೇ ಹೇಳಿದರು, "ದಾಯಿ, ಈಗ ಸ್ವಲ್ಪ ತಲೆ ಭಾರ ಇದೆ." ದಾಯಿ ಥರ್ಮಸ್‌ನಿಂದ ಬಿಸಿನೀರು ಬಗ್ಗಿಸಿಕೊಟ್ಟು, ಎವರೆಸ್ಟ್ ಕಡೆ ಕೈ ತೋರಿಸಿದರು. "ಹತ್ತು ನಿಮಿಷ ನೋಡಿ ಸರ್, ಇಳಿಯೋಣ."